ಮಡಿ ಟಬ್ಬು, ಮೈಲಿಗೆ ಟಬ್ಬು

ವಾಷಿಂಗ್ ಮಷಿನ್ ಯಾವುದು ಒಳ್ಳೆಯದೆಂದು ಮಾರುವವನನ್ನು ಕೇಳಬಾರದು, ರಿಪೇರಿ ಮಾಡುವವನನ್ನು ಕೇಳಬೇಕು. ಈ ಮಹಾಸತ್ಯ ವಾಸುದೇವನಿಗೆ ಹೊಳೆದದ್ದು ಒಂದು ಭಾನುವಾರ ಬೆಳಿಗ್ಗೆ. ಹೆಂಡತಿ ಹಿತ್ತಲಿನ ಕಲ್ಲಿನ ಮೇಲೆ ಅವನ ಪ್ಯಾಂಟು ಒಗೆಯುತ್ತಿದ್ದಳು, ಅವನು ಎರಡನೆಯ ಕಾಫಿ ಕುಡಿಯುತ್ತಿದ್ದ. ಹೊಳೆದ ಕೂಡಲೇ ನೋಟ್‌ಬುಕ್ಕು ತೆಗೆದು ಬರೆದುಕೊಂಡ. (ಹೆಂಡತಿಗೆ ಹೇಳಲಿಲ್ಲ. ಅವಳ ಕೈ ಒದ್ದೆಯಾಗಿತ್ತು.)

ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಒಬ್ಬ ಕಮಿಷನ್ ಏಜೆಂಟರ ಅಂಗಡಿಯ ಗುಮಾಸ್ತನಾದ ವಾಸುದೇವ ಯಾವುದನ್ನೂ ಸುಮ್ಮನೆ ಕೊಳ್ಳುವವನಲ್ಲ. ಒಂದು ಛತ್ರಿ ಕೊಳ್ಳಲು ಎರಡು ಮಳೆಗಾಲ ಕಳೆದವನು. (ಆ ಕಡೆಯ ಮಳೆಯೂ ಅವನಂತೆಯೇ, ಮನಸ್ಸು ಮಾಡಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ.) ವಾಷಿಂಗ್ ಮಷಿನ್ನಿನ ನೋಟ್‌ಬುಕ್ಕಿಗೆ ಆಗಲೇ ಮೂರು ತಿಂಗಳು ತುಂಬುತ್ತಾ ಬಂದಿತ್ತು. ಮೋಟರು ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ, ನಕ್ಷತ್ರ ನಾಲ್ಕೋ ಐದೋ, ವಾರಂಟಿ ಎಷ್ಟು ವರ್ಷ, ಫೋನಿನಲ್ಲಿ ಯಾರು ಏನು ಬೈದು ಬರೆದಿದ್ದಾರೆ, ಎಲ್ಲವೂ ಅದರಲ್ಲಿ ಗೆರೆ ಹೊಡೆದು ದಾಖಲಾಗಿದ್ದವು.

ಇಷ್ಟಕ್ಕೆಲ್ಲ ಕಾರಣ ಸುಪ್ರಜಾಳ ಬಲಗೈ. ಯುಗಾದಿಯ ಹೊತ್ತಿಗೆ ಅವಳ ಮಣಿಕಟ್ಟು ಬಾತುಕೊಂಡಿತ್ತು. ಒಗೆಯುವುದು ಹೇಗೋ ಆಗುತ್ತಿತ್ತು, ಹಿಂಡುವುದು ಮಾತ್ರ ಆಗುತ್ತಿರಲಿಲ್ಲ. ಹಾಸಿಗೆಯ ದುಪ್ಪಟಿ, ಟವೆಲ್ಲು, ಗಂಡನ ದಪ್ಪ ಪ್ಯಾಂಟು, ಇವನ್ನು ಹಿಂಡುವಾಗ ಜೀವ ಬಾಯಿಗೆ ಬರುತ್ತಿತ್ತು. ಅವಳು ಓಣಿಯ ಹೆಂಗಸರಿಗೆ ಬ್ಲೌಸು ಹೊಲಿದು ಕೊಡುವವಳು. ಈಗ ಕತ್ತರಿ ಹಿಡಿದರೆ ಕಣ್ಣಲ್ಲಿ ನೀರು. ಹನ್ನೊಂದು ಬ್ಲೌಸಿನ ಬಟ್ಟೆ ಕತ್ತರಿ ಕಾಣದೆ ಮೂಲೆಯಲ್ಲಿ ಕೂತಿದ್ದವು. ಕೊಟ್ಟವರು ಮದುವೆ ಹತ್ತಿರ ಬಂತೆಂದು ಬೇರೆ ಟೈಲರನ ಮಾತೆತ್ತುತ್ತಿದ್ದರು. ನಾಲ್ಕು ವರ್ಷ ಕಣ್ಣು ನೋಯಿಸಿಕೊಂಡು ಸಂಪಾದಿಸಿದ ಗಿರಾಕಿಗಳು ಕೈಬಿಟ್ಟು ಹೋಗುತ್ತಾರಲ್ಲ ಎಂಬುದು ಅವಳ ದೊಡ್ಡ ಸಂಕಟ.

ವಾಸುದೇವ ಕಲ್ಲುಮನಸ್ಸಿನವನೇನಲ್ಲ. ಹೆಂಡತಿಯ ಕೈ ನೋಡಿ ಅವನಿಗೆ ನಿಜವಾಗಿಯೂ ಮರುಕವಾಯಿತು. ಮರುಕವಾದ ಗಂಡಸು ಏನು ಮಾಡುತ್ತಾನೆ? ಎದ್ದು ಹೋಗಿ ಎರಡು ಬಟ್ಟೆ ಹಿಂಡುತ್ತಾನೆ ಎಂದುಕೊಂಡರೆ ನಿಮಗೆ ಗಂಡಸರ ಪರಿಚಯ ಸಾಲದು. ಅವನು ಸಂಶೋಧನೆಗೆ ಇಳಿಯುತ್ತಾನೆ. ದೀಪಾವಳಿಯ ಬೋನಸ್ಸಿನಲ್ಲಿ ಎತ್ತಿಟ್ಟ ಹತ್ತು ಸಾವಿರದೊಳಗೆ ಹತ್ತು ವರ್ಷ ಕೆಡದ ಮಷಿನ್ ಬರಬೇಕು ಎಂದು ಅವನು ಸಂಕಲ್ಪ ಮಾಡಿದ.

ಸುಪ್ರಜಾ ಮೊದಲ ವಾರದಲ್ಲೇ ಏನೋ ಹೇಳಲು ನೋಡಿದಳು. ಎಮ್ಮಿಗನೂರಿನ ಅವಳ ಅಣ್ಣನ ಮನೆಯಲ್ಲಿ ಒಂದು ಮಷಿನ್ ಇತ್ತು, ಹೋದಾಗಲೆಲ್ಲ ಅವಳೇ ಅದನ್ನು ನಡೆಸುತ್ತಿದ್ದಳು.

“ತಡಿ ಸುಪ್ರಜಾ, ಇದು ಟೆಕ್ನಿಕಲ್ ವಿಷಯ ಅದ,” ಎಂದ ವಾಸುದೇವ, ಮೆಲ್ಲಗೆ, ಮಗುವಿಗೆ ಹೇಳುವಂತೆ.

ಎರಡನೆಯ ತಿಂಗಳು ಮತ್ತೊಮ್ಮೆ ಬಾಯಿ ತೆರೆದಳು. ಅವನು ಆಗ ನೋಟ್‌ಬುಕ್ಕಿನ ಗೆರೆಗಳನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದ, ಕೈ ಎತ್ತಿ ತಡೆದ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಇದರಿಂದ ಸಂಶೋಧನೆ ನಿರ್ವಿಘ್ನವಾಗಿ ಸಾಗಿತು.

ಅಂಗಡಿಗೆ ಹತ್ತಿ ಹಾಕಲು ಬರುವ ಆಸ್ಪರಿ ಕಡೆಯ ರೈತ ಚಂದ್ರಣ್ಣ ಒಂದು ದಿನ ತಮ್ಮ ಮನೆಯ ಮಷಿನ್ನನ್ನು ಹೊಗಳಿದ. ಬಂದು ಐದು ವರ್ಷವಾಯಿತು, ಒಂದು ದಿನವೂ ಕೆಟ್ಟಿಲ್ಲ ಎಂದ. ವಾಸುದೇವ ಕಂಪನಿಯ ಹೆಸರು ಬರೆದು ಅಡಿಗೆರೆ ಎಳೆದ, ಅದರ ಕೆಳಗೆ ಇನ್ನೊಂದು ಎಳೆದ. ಕೊನೆಗೆ, ವಾರಕ್ಕೆಷ್ಟು ಸಲ ಬಟ್ಟೆ ಹಾಕುತ್ತೀರಿ ಎಂದು ಕೇಳಿದ.

“ಬಟ್ಟಿ ಎಲ್ಲಿ ಹಾಕೀವ್ರಿ ಸ್ವಾಮಿ, ಅದಕ್ಕ ನೀರು ಬೇಕಲ್ಲ,” ಎಂದ ಚಂದ್ರಣ್ಣ. “ಬಿತ್ತನಿ ಶೇಂಗಾ ಇಟ್ಟೀವಿ. ಮುಚ್ಚಳ ಗಟ್ಟಿ ಐತಿ, ಒಂದ್ ಇಲಿ ಹೋಗಿಲ್ಲ ನೋಡ್ರಿ.”

ವಾಸುದೇವ ಎರಡು ಅಡಿಗೆರೆಗಳನ್ನೂ ಹೊಡೆದುಹಾಕಿದ.

ಬೆಲೆಯ ಅಡ್ಡಿಗಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ಅದು ಅವನ ತಾಯಿ ಅನ್ನಪೂರ್ಣಾಬಾಯಿಯವರ ಮಡಿ. ಎಪ್ಪತ್ತೆರಡು ವರ್ಷದ ಆ ತಾಯಿಯ ಮಡಿ ಓಣಿಯ ಬೆಕ್ಕಿಗೂ ಗೊತ್ತು. ಅವರು ಸ್ನಾನ ಮುಗಿಸಿ ಬರುವ ಹೊತ್ತಿಗೆ ಅದು ಗೋಡೆ ಹಾರಿ ಆಚೆ ಹೋಗಿರುತ್ತಿತ್ತು. ಸ್ನಾನ ಮಾಡಿ, ಒದ್ದೆಯಲ್ಲೇ ಒಗೆದು, ಯಾರ ಕೈಯೂ ತಾಗದಂತೆ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಿದ ಸೀರೆ ಮಡಿ. ಮನೆಯ ಮಿಕ್ಕ ಬಟ್ಟೆಯೆಲ್ಲ ಮೈಲಿಗೆ. ಮೈಲಿಗೆ ತಿರುಗಿದ ಮಷಿನ್ನಿನಲ್ಲಿ ತಮ್ಮ ಸೀರೆ ತಿರುಗುವುದಕ್ಕೆ ಅಮ್ಮ ಒಪ್ಪುವುದಿಲ್ಲ, ಅಂಥ ಮಷಿನ್ನನ್ನು ಹೊಸ್ತಿಲು ದಾಟಲೂ ಬಿಡುವುದಿಲ್ಲ ಎಂದು ವಾಸುದೇವ ತಾನೇ ತೀರ್ಮಾನಿಸಿದ. (ಅಮ್ಮನನ್ನು ಕೇಳಲಿಲ್ಲ. ಅವರು ಜಪದಲ್ಲಿದ್ದರು.)

ಭಾನುವಾರದ ಮಹಾಸತ್ಯವನ್ನು ಜೇಬಿನಲ್ಲಿಟ್ಟುಕೊಂಡು ಅವನು ರೈಲ್ವೆ ಗೇಟಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಶ್ರೀರಾಮುಲುವಿನ ಬಳಿ ಹೋದ. ಶ್ರೀರಾಮುಲು ಒಂದು ಮಷಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿ ಕೂತಿದ್ದ. ತಲೆ ಹೊರಗೆ ತೆಗೆಯದೆಯೇ ಅರ್ಧ ತೆಲುಗಿನಲ್ಲಿ ಉಪದೇಶ ಮಾಡಿದ.

“ಫುಲ್ ಆಟೋಮೆಟಿಕ್ಕಿಗೆ ಲೋಪಲ, ಒಳಗ, ಬೋರ್ಡು ಇರ್ತತಿ ಸಾರ್. ಕರೆಂಟು ಹೆಚ್ಚು ಕಮ್ಮಿ ಆದ್ರ ಬೋರ್ಡು ಪೋಯಿಂದಿ, ಸುಟ್ಟು ಹೋತು. ಡಬಲ್ ಟಬ್ಬು ತಗೊಳ್ರಿ. ಅದ್ರಾಗ ಏಮೀ ಲೇದು. ಏನೂ ಇಲ್ಲಂದ ಮ್ಯಾಲ ಕೆಡೋದೇನು?”

ಡಬಲ್ ಟಬ್ಬು! ವಾಸುದೇವನ ಮೈ ಜುಮ್ಮೆಂದಿತು. ಎರಡೂ ಬೇರೆ ಬೇರೆಯೇ, ಇದರ ನೀರು ಅದಕ್ಕೆ ಹೋಗುವುದಿಲ್ಲ ತಾನೆ ಎಂದು ಕೇಳಿದ. ಪೂರ್ತಿ ಬೇರೆ, ಗೋಡೆಯೇ ಬೇರೆ, ಮೋಟರೂ ಬೇರೆ ಎಂದ ಶ್ರೀರಾಮುಲು. ಎರಡು ಟಬ್ಬು ಯಾಕಿರುತ್ತವೆ ಎಂದು ಮಾತ್ರ ವಾಸುದೇವ ಕೇಳಲಿಲ್ಲ. ಯಾಕಿರುತ್ತವೆ ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು. ಹುಟ್ಟಿದಂದಿನಿಂದ ಅವನ ಮನೆಯಲ್ಲಿ ನೀರಿನ ಹಂಡೆ ಎರಡು, ಚೊಂಬು ಎರಡು, ಬಟ್ಟೆಯ ಗಳು ಎರಡು. ಒಂದು ಮಡಿಗೆ, ಒಂದು ಮೈಲಿಗೆಗೆ. ಟಬ್ಬು ಎರಡಿದ್ದರೆ ಇನ್ನೇತಕ್ಕೆ ಇರಬೇಕು?

ಅಂದು ಸಂಜೆ ತಾಯಿ ಮತ್ತು ಹೆಂಡತಿಯನ್ನು ನಡುಮನೆಯಲ್ಲಿ ಕೂಡಿಸಿ ಪ್ರವಚನ ಮಾಡಿದ. ಈ ಎರಡು ಟಬ್ಬುಗಳು ನಿತ್ಯ ಭಿನ್ನ, ಎಂದೆಂದಿಗೂ ಒಂದಾಗುವವಲ್ಲ. ಎಲ್ಲವೂ ಒಂದೇ ಎನ್ನುವ ಸಿಂಗಲ್ ಟಬ್ಬಿನ ಮಷಿನ್ ಅದ್ವೈತಿಗಳ ಮನೆಗೆ ಸರಿ. ನಮ್ಮ ಮಧ್ವಮತಕ್ಕೆ ಒಪ್ಪುವ ಯಂತ್ರ ಭೂಮಂಡಲದಲ್ಲಿ ಇದೊಂದೇ. ಅದೂ ಒಂಬತ್ತು ಸಾವಿರದ ಎಂಟುನೂರಕ್ಕೆ.

ಅನ್ನಪೂರ್ಣಾಬಾಯಿಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು. ಸುಪ್ರಜಾಳ ಬಾಯಿ ತೆರೆದಿತ್ತು. ಅತ್ತೆ ಕಣ್ಣಲ್ಲೇ ಏನೋ ಅಂದರು, ಬಾಯಿ ಮುಚ್ಚಿತು.

“ಯಾವ ಟಬ್ಬು ಮಡೀದು?” ಎಂದು ಕೇಳಿದರು ಅನ್ನಪೂರ್ಣಾಬಾಯಿ.

“ಬಲಗಡೆ ಸಣ್ಣದು ಮಡೀದು. ಎಡಗಡೆ ದೊಡ್ಡದು ಮೈಲಿಗೀದು.”

“ನೀನ ಹೇಳ್ಲಿಕ್ಕತ್ತೀದಿ. ಆಮ್ಯಾಲ ಬದಲಾಗಬಾರದು.”

ಬದಲಾಗುವ ಪ್ರಶ್ನೆಯೇ ಇಲ್ಲ ಎಂದು ವಾಸುದೇವ ಎದೆ ತಟ್ಟಿಕೊಂಡ.

ಗುರುವಾರ ಸರಕಿನ ಆಪೆ ಆಟೋದಲ್ಲಿ ಮಷಿನ್ ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದರು. ಅಂಗಡಿಯ ಹುಡುಗರು ಹೇಗೆ ನಡೆಸುವುದೆಂದು ತೋರಿಸಲು ಹೊರಟಾಗ ವಾಸುದೇವ, ನನಗೆಲ್ಲ ಗೊತ್ತು ಎಂದು ಅವರನ್ನು ಚಹಾ ಕುಡಿಸದೆ ಸಾಗಹಾಕಿದ. ಮೊದಲ ಒಗೆತ ದೇವರಿಗೆ ಮೀಸಲು ಎಂಬಂತೆ ತಾಯಿಯ ಒಂಬತ್ತು ಗಜದ ಸೀರೆಯನ್ನು ಕೋಲಿನಿಂದಲೇ ಎತ್ತಿ ಸಣ್ಣ ಟಬ್ಬಿಗೆ ಇಳಿಬಿಟ್ಟ, ಸೋಪಿನ ಪುಡಿ ಸುರಿದ, ಎರಡು ಕೊಡ ನೀರು ಹೊಯ್ದ. ಹೊಯ್ದ ನೀರೆಲ್ಲ ಅವನ ಕಾಲ ಬುಡದಲ್ಲಿ ಹೊರಗೆ ಬಂತು. ಮೂರನೆಯ ಕೊಡ ಹೊಯ್ದ, ಅದೂ ಬಂತು. ಕಂಪನಿಯವರು ತೂತಿದ್ದದ್ದನ್ನು ಕಳಿಸಿದ್ದಾರೆ ಎಂದು ಬೈಯುತ್ತಾ ಗುಂಡಿ ತಿರುವಿದ. ಮಷಿನ್ ಮೈಮೇಲೆ ದೇವರು ಬಂದವರಂತೆ ಕುಣಿಯುತ್ತಾ ಹಿತ್ತಲಿನಲ್ಲಿ ಎರಡು ಮೊಳ ಮುಂದಕ್ಕೆ ಬಂತು. ವಾಸುದೇವ ಎರಡು ಮೊಳ ಹಿಂದಕ್ಕೆ ಹೋದ. ನಿಂತ ಮೇಲೆ ಮುಚ್ಚಳ ತೆಗೆದು ನೋಡಿದರೆ ಸೀರೆ ಒಣಗಿತ್ತು, ಮೈತುಂಬಾ ಸೋಪಿನ ಪುಡಿ ಬಡಿದುಕೊಂಡಿತ್ತು.

ಆಗ ಸುಪ್ರಜಾ ನಿಧಾನವಾಗಿ ತಿಳಿಸಿದಳು. ದೊಡ್ಡ ಟಬ್ಬು ಒಗೆಯುವುದಕ್ಕೆ, ಸಣ್ಣದು ಹಿಂಡುವುದಕ್ಕೆ. ಯಾವ ಬಟ್ಟೆಯಾದರೂ ಮೊದಲು ಅದಕ್ಕೆ ಹೋಗಬೇಕು, ಆಮೇಲೆ ಇದಕ್ಕೆ ಬರಬೇಕು.

ವಾಸುದೇವ ಹುಬ್ಬಿನ ಮೇಲಿನ ಸೋಪಿನ ಪುಡಿ ಒರೆಸಿಕೊಂಡು, ಇದೂ ತನಗೆ ಗೊತ್ತಿದ್ದದ್ದೇ ಎಂಬ ಮುಖ ಮಾಡಿ, ಹಾಗಾದರೆ ಎರಡರಲ್ಲೂ ಎಲ್ಲವನ್ನೂ ಹಾಕೋಣ ಎಂದ. ಅನ್ನಪೂರ್ಣಾಬಾಯಿ ಒಪ್ಪಲಿಲ್ಲ. ಸಣ್ಣ ಟಬ್ಬು ಮಡಿಯದು ಎಂದು ಅವನೇ ಹೇಳಿದ್ದಾನೆ, ಅರಿಶಿನ ಕುಂಕುಮ ಬಿದ್ದಿದೆ, ತಮ್ಮ ಸೀರೆ ಬೇರೆ ತಿರುಗಿದೆ. ಇನ್ನು ಅದರೊಳಗೆ ಸಂತೆ ಸುತ್ತಿ ಬಂದ ಪ್ಯಾಂಟು ಹಾಕುವುದೆಂದರೇನು? ಸುಪ್ರಜಾ ಕೂಡ ಅತ್ತೆ ಹೇಳುವುದೇ ಸರಿ ಎಂದಳು. ಹನ್ನೆರಡು ವರ್ಷದಲ್ಲಿ ಅವಳು ಅಷ್ಟು ಬೇಗ ಅತ್ತೆಯ ಪಕ್ಷ ಹಿಡಿದದ್ದು ಅದೇ ಮೊದಲು. ಸಂಶೋಧಕನಾದ ವಾಸುದೇವ ಅದನ್ನು ಗಮನಿಸಬೇಕಿತ್ತು, ಗಮನಿಸಲಿಲ್ಲ.

ಕೊನೆಯ ಆಸೆಯಿಂದ ಅವನು ಮಾಧವರಂನಲ್ಲಿದ್ದ ಸೋದರಮಾವ ವಿಷ್ಣುತೀರ್ಥಾಚಾರ್ಯರಿಗೆ ಫೋನು ಹಚ್ಚಿದ. ಅವರು ಪಂಡಿತರು, ಯಾವ ಕಟ್ಟುಪಾಡಿಗೂ ಒಂದು ಬಿಡುಗಡೆಯ ದಾರಿ ಬಲ್ಲವರು ಎಂದು ಹೆಸರಾದವರು. ಎಲ್ಲವನ್ನೂ ಕೇಳಿ ಅವರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು.

“ಮಷಿನ್ನಿನ ವಿಷಯ ಶಾಸ್ತ್ರದಾಗ ಇಲ್ಲಪ್ಪಾ. ಪಾತ್ರಿ ವಿಷಯ ಅದ. ಮಡೀಗೆ ಅಂತ ಎತ್ತಿಟ್ಟ ಪಾತ್ರಿ ಮಡೀಗೇ. ಎತ್ತಿಟ್ಟವರು ಯಾರು?”

ತಾನೇ ಎಂದು ವಾಸುದೇವ ಒಪ್ಪಿಕೊಂಡ. ಹಾಗಾದರೆ ಮುಗಿಯಿತಲ್ಲ ಎಂದು ಅವರು ಫೋನು ಇಟ್ಟರು.

ಹೀಗೆ ಹತ್ತು ವರ್ಷ ಕೆಡದ ಮಷಿನ್ ಅರ್ಧ ಕೆಲಸ ಮಾಡತೊಡಗಿತು. ಒಗೆಯುವುದು ದೊಡ್ಡ ಟಬ್ಬು. ಹಿಂಡುವುದು ಯಾರು? ಸುಪ್ರಜಾಳ ಕೈಯಲ್ಲಿ ಆಗದು, ಎಪ್ಪತ್ತೆರಡರ ತಾಯಿಗೆ ಹೇಳುವ ಹಾಗಿಲ್ಲ, ಮನೆಯಲ್ಲಿ ಉಳಿದದ್ದು ಎರಡೇ ಕೈ. ವಾಸುದೇವ ದಿನಾ ಬೆಳಿಗ್ಗೆ ಬಕೆಟ್ಟು ಹೊತ್ತು ಮಾಳಿಗೆ ಹತ್ತಿದ. ಮೊದಲ ದಿನ ದುಪ್ಪಟಿ ಹಿಂಡಲು ಹೋದರೆ ಅದೇ ಅವನ ಸುತ್ತ ಸುತ್ತಿಕೊಂಡಿತು. ಎರಡನೆಯ ದಿನ ನೀರು ಮೊಣಕೈಯಿಂದ ಇಳಿದು ಕಂಕುಳಿಗೆ ಹೋಯಿತು. ಅಕ್ಕಪಕ್ಕದ ಮಾಳಿಗೆಯ ಹೆಂಗಸರು ಹಪ್ಪಳ ಒಣಹಾಕುವ ನೆಪದಲ್ಲಿ ಮೇಲೆ ಬಂದು ನೋಡಿದರು. ಜೀನ್ಸ್ ಪ್ಯಾಂಟು ನೀರು ಕುಡಿದರೆ ಎಷ್ಟು ತೂಗುತ್ತದೆ ಎಂಬುದು ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಇರಲಿಲ್ಲ. ನಲವತ್ತಾರು ವರ್ಷ ತಾನು ಉಟ್ಟು ಬಿಸಾಕಿದ ಬಟ್ಟೆಗಳ ತೂಕ ಅವನಿಗೆ ಮೊದಲ ಸಲ ತಿಳಿಯಿತು, ತನ್ನ ಮೇಲೆ ತನಗೇ ಬಹಳ ಕನಿಕರ ಬಂತು.

ಎರಡು ವಾರ ಕಳೆಯುವಷ್ಟರಲ್ಲಿ ಬಕೆಟ್ಟು ಹಗುರವಾಯಿತು. ತನ್ನ ಕೈ ಪಳಗಿತೆಂದು ಅವನು ಹಿಗ್ಗಿದ. ಸುಪ್ರಜಾಳ ಮಣಿಕಟ್ಟಿನ ಬಾವು ಇಳಿಯಿತು, ಮೂಲೆಯ ಬ್ಲೌಸುಗಳು ಒಂದೊಂದಾಗಿ ಮನೆ ಬಿಟ್ಟವು. ತಾನು ಆರಿಸಿದ ಮಷಿನ್ನಿನಿಂದಲೇ ಹೆಂಡತಿಯ ಕೈ ವಾಸಿಯಾಯಿತೆಂದು ಅವನು ಮಾರ್ಕೆಟ್ಟಿನಲ್ಲೆಲ್ಲ ಹೇಳಿಕೊಂಡ. ನಾಲ್ಕಾರು ಮಂದಿ ಸಲಹೆ ಕೇಳಲು ಕೂಡ ಬಂದರು.

ಒಂದು ಬುಧವಾರ ಹಮಾಲರು ಕೆಲಸ ನಿಲ್ಲಿಸಿದ್ದರಿಂದ ಮಾರ್ಕೆಟ್ಟು ಮುಚ್ಚಿತು. ಹನ್ನೊಂದು ಗಂಟೆಗೇ ಮನೆಗೆ ಬಂದ ವಾಸುದೇವ ಹಿತ್ತಲಿನ ಬಾಗಿಲಲ್ಲಿ ನಿಂತುಬಿಟ್ಟ. ಮಡಿ ಟಬ್ಬು ಗಿರ್ರೆಂದು ತಿರುಗುತ್ತಿತ್ತು. ತಂತಿಯ ಮೇಲೆ ದುಪ್ಪಟಿಗಳು, ಟವೆಲ್ಲುಗಳು, ಸುಪ್ರಜಾಳ ಸೀರೆಗಳು, ಒಂದು ಹನಿ ನೀರು ತೊಟ್ಟಿಕ್ಕದೆ ಆರಾಮಾಗಿ ಹಾರಾಡುತ್ತಿದ್ದವು. ಅನ್ನಪೂರ್ಣಾಬಾಯಿ ಮುಚ್ಚಳದ ಮೇಲೆ ಕೈಯಿಟ್ಟು ಸ್ಟೂಲಿನ ಮೇಲೆ ಕೂತಿದ್ದರು. ಮೂಲೆಯ ಬಕೆಟ್ಟಿನಲ್ಲಿ ಅವನ ಅಂಗಿ, ಪ್ಯಾಂಟು, ಲುಂಗಿ ಮಾತ್ರ ನೀರು ಕುಡಿದು ಅವನಿಗಾಗಿ ಕಾದಿದ್ದವು.

“ಅಮ್ಮಾ, ಅದು ಮಡಿ ಟಬ್ಬು,” ಎಂದ ವಾಸುದೇವ. ದನಿ ಸಣ್ಣದಾಗಿತ್ತು.

“ಮಡಿ ನಂದು, ಟಬ್ಬಿಂದಲ್ಲ,” ಎಂದರು ಅನ್ನಪೂರ್ಣಾಬಾಯಿ. “ನನ್ನ ಸೀರಿ ಹಿಂಡೂದು ಯಾಕ ಬೇಕು? ಗಳುವಿನ ಮ್ಯಾಲ ಹಂಗ ಹಾಕಿದ್ರ ಈ ಬಿಸಲಿಗೆ ಪಾರಾಯಣ ಮುಗಿಯೂದರಾಗ ಒಣಗ್ತದ. ಅದನ್ನ ಮಷಿನ್ನಾಗ ಹಾಕು ಅಂತ ನಿನಗ ಯಾರು ಹೇಳಿದ್ರು?”

ಮಾಮಾ ಹೇಳಿದ್ದು ಏನಾಯಿತು ಎಂದು ವಾಸುದೇವ ತೊದಲಿದ. ಮಾಮಾನ ಮನೆಯಲ್ಲಿ ಎಂಟು ವರ್ಷದಿಂದ ಇಂಥದ್ದೇ ಮಷಿನ್ ಇದೆ, ತಾವು ಮೊದಲೇ ಫೋನಿನಲ್ಲಿ ಹೇಳಿಕೊಟ್ಟದ್ದನ್ನು ಮಾಮಾ ಒಪ್ಪಿಸಿದ ಅಷ್ಟೆ ಎಂದು ತಾಯಿ ತಿಳಿಸಿದರು. ಆಮೇಲೆ ಅವರ ದನಿ ಗಡುಸಾಯಿತು.

“ಆಕಿ ಕೈ ಬಾತು ಕೂತಿತ್ತು. ನೀ ಊರೆಲ್ಲಾ ಕೇಳ್ದಿ, ಗೇಟಿನ ತನಕಾ ಹೋಗಿ ಕೇಳ್ದಿ. ಮನ್ಯಾಗ ಬಟ್ಟಿ ಒಗಿಯೋರು ಇಬ್ಬರಿದ್ವಿ. ನಮ್ಮನ್ನ ಕೇಳ್ಲಿಲ್ಲ. ನನಗ ಸಿಟ್ಟು ಬಂತು ವಾಸು. ನಿಮ್ಮಪ್ಪನೂ ಹಿಂಗ ಇದ್ದರು, ಆಗ ನಾ ಸುಮ್ಮನಿದ್ದೆ.”

ಒಳಗಿನಿಂದ ಕತ್ತರಿಯ ಸದ್ದು ಕೇಳುತ್ತಿತ್ತು, ಅದು ಒಂದು ಕ್ಷಣ ನಿಂತಿತು. ಸುಪ್ರಜಾ ಕೆಲಸ ಬಿಟ್ಟು ಕೇಳುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ನಾಚಿಕೆಯಾಯಿತು. ಆದರೂ ಆಸೆ ಎಂಬುದು ಕೆಟ್ಟದ್ದು, ಬಕೆಟ್ಟಿನ ಕಡೆ ನೋಡುತ್ತಾ, ಹಾಗಾದರೆ ಇನ್ನು ಮೇಲೆ ತನ್ನ ಬಟ್ಟೆಗಳನ್ನೂ ಇದಕ್ಕೇ ಹಾಕಬಹುದಲ್ಲ ಎಂದು ಕೇಳಿದ.

“ಅವು ಮೈಲಿಗಿ,” ಎಂದರು ಅನ್ನಪೂರ್ಣಾಬಾಯಿ.

“ಎಷ್ಟು ದಿನ?”

“ಸೂತಕಕ್ಕ ಹತ್ತು ದಿನ. ಇದಕ್ಕ ನಿನ್ನ ನೋಟ್‌ಬುಕ್ಕಿನಷ್ಟ, ಮೂರು ತಿಂಗಳು.”

ಕತ್ತರಿ ಮತ್ತೆ ಸದ್ದು ಮಾಡತೊಡಗಿತು. ವಾಸುದೇವ ಬೆರಳು ಮಡಚಿ ಎಣಿಸಿದ, ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅಂಗಿಯ ತೋಳು ಮೇಲೇರಿಸಿ, ಬಕೆಟ್ಟು ಎತ್ತಿಕೊಂಡು ಮಾಳಿಗೆ ಹತ್ತಿದ.