ಮಗಳ ಕೈಗೆ ಭಾರ

ಹೂಡೆಯ ಹಸೈನಾರ್ ಆ ದಿನ ಪಟ್ಟ ಪಾಡಿಗೆಲ್ಲ ಕಾರಣ, ಬೆಳಗ್ಗೆ ಮಗಳ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡದ್ದು.

ಮಗಳು ಹಸ್ನಾ ಪೈಲಟ್. ಮಂಗಳೂರಿನಿಂದ ದುಬೈಗೆ ಹೋಗುವ ವಿಮಾನದಲ್ಲಿ ಆ ದಿನ ಅವಳ ಕೆಲಸ; ಅದೇ ವಿಮಾನದಲ್ಲಿ ಅವಳ ಉಪ್ಪ, ಉಮ್ಮ ಮೊದಲ ಸಲ ಪ್ರಯಾಣಿಕರು. ಚಾ ಕುಡಿಯುತ್ತಾ ಹಸೈನಾರ್, "ವಿಮಾನದ ಹ್ಯಾಂಡಲ್ ಭಾರ ಉಂಟಾ ಮಗಳೇ?" ಎಂದು ಕೇಳಿದರು.

"ಅಂಗಾರಣ್ಣನ ದೋಣಿಯಲ್ಲಿ ನಾಲ್ಕು ಜನ ಹಿಂದೆ ಹೋದರೆ ಮೂತಿ ಮೇಲೆ ಏಳ್ತದಲ್ವಾ ಉಪ್ಪ? ವಿಮಾನವೂ ಹಾಗೇ. ಆಗ ಹ್ಯಾಂಡಲನ್ನು ಮುಂದೆ ಒತ್ತಿ ಹಿಡಿಯಬೇಕು. ಹಿಡಿದೇ ಇದ್ದರೆ ಕೈ ಸೋಲ್ತದೆ. ಅದಕ್ಕೇ ಟ್ರಿಮ್ ಅಂತ ಉಂಟು. ಬಾಲದ ಸಣ್ಣ ರೆಕ್ಕೆಯನ್ನೇ ಸ್ವಲ್ಪ ಓರೆ ಮಾಡಿದರೆ ಕೈಯ ಭಾರ ಇಳೀತದೆ, ಆಮೇಲೆ ಎರಡು ಬೆರಳು ಸಾಕು. ಆದರೆ ಒಮ್ಮೆ ಮೇಲೆ ಹೋದ ಮೇಲೆ..."

ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್. ಹಸ್ನಾ ಬ್ಯಾಗ್ ಎತ್ತಿಕೊಂಡು ಓಡಿದಳು. ಹಸೈನಾರ್ ತಲೆಯಲ್ಲಿ ಉಳಿದದ್ದು ಇಷ್ಟೇ: ಹಿಂದೆ ಜನ ಹೋದರೆ ಮಗಳ ಕೈಗೆ ಭಾರ.

ಸ್ವಲ್ಪ ಹೊತ್ತಿನಲ್ಲಿ ಇವರೂ ಹೊರಟರು. ಮಗನನ್ನು ನೋಡಲು ದುಬೈಗೆ ಹೊರಟ ನೆರೆಮನೆಯ ದೋಣಿಯವ ಅಂಗಾರನೂ ಅದೇ ಕಾರಿನಲ್ಲಿ. ಉದ್ಯಾವರದಲ್ಲಿ ಹಳೆಯ ಗೆಳೆಯ ವಲೇರಿಯನ್ ರಸ್ತೆಗೇ ಬಂದು ಕಾರು ನಿಲ್ಲಿಸಿದ. "ಮಗಳು ವಿಮಾನ ಹಾರಿಸ್ತಾಳೆ, ನೀವು ಬಾಯಿ ಒಣಗಿಸಿಕೊಂಡು ಹೋಗುವುದಾ ಮಾರಾಯ್ರೆ?" ಎಂದು ಎರಡು ಲೋಟ ಶರಬತ್ತು ಕುಡಿಸಿದ. ಕಾಪುವಿನಲ್ಲಿ ನೆಂಟರು ಎಳನೀರಿನ ಬೊಂಡ ಕೆತ್ತಿ ಕೈಗಿತ್ತರು. ಮಗಳನ್ನು ಹೊಗಳಿದವರು ಕೊಟ್ಟದ್ದನ್ನು ಬೇಡ ಎನ್ನುವುದುಂಟೇ? ಹಸೈನಾರ್ ಎದೆಯುಬ್ಬಿಸಿ ಎಲ್ಲವನ್ನೂ ಕುಡಿದರು.

"ಸಾಕು, ಹೊಟ್ಟೆಯಾ ಬಾವಿಯಾ ಅದು?" ಎಂದಳು ಹೆಂಡತಿ ರುಕಿಯಮ್ಮ. ಯಾರು ಕೇಳುತ್ತಾರೆ!

ವಿಮಾನದಲ್ಲಿ ಮಗಳಿಗೆ ಹತ್ತಿರವಾಗಲೆಂದು ಮೂವರೂ ಎಲ್ಲಕ್ಕಿಂತ ಎದುರಿನ ಸಾಲಿನಲ್ಲೇ ಕುಳಿತರು. ಮೇಲೆ ಏರಿದ ಸ್ವಲ್ಪ ಹೊತ್ತಿಗೆ ಶರಬತ್ತೂ ಬೊಂಡವೂ ಒಟ್ಟಾಗಿ ಟಾಯ್ಲೆಟನ್ನು ಜ್ಞಾಪಿಸಿದವು. ಗಗನಸಖಿ ರೇಚಲ್, "ಎದುರಿನ ಟಾಯ್ಲೆಟ್ ಹಾಳಾಗಿದೆ ಅಂಕಲ್, ಹಿಂದಿನದಕ್ಕೆ ಹೋಗಿ" ಎಂದಳು.

ಹಿಂದೆ! ಎದ್ದ ಹಸೈನಾರ್ ಹಾಗೇ ಕುಳಿತರು. "ಅಂಗಾರ, ದೋಣಿಯಲ್ಲಿ ಒಬ್ಬ ಹಿಂದೆ ಹೋದರೂ ಗೊತ್ತಾಗ್ತದಾ?"

"ಗೊತ್ತಾಗದೆ ಎಂತ? ಚುಕ್ಕಾಣಿ ಹಿಡಿದವನಿಗೆ ಕೂಡಲೇ ಗೊತ್ತಾಗ್ತದೆ."

ಸರಿ, ತೀರ್ಮಾನವಾಯಿತು. ತಾನು ಹೋಗಬಾರದು, ಬೇರೆಯವರನ್ನೂ ಬಿಡಬಾರದು. ಪಕ್ಕದ ಸಾಲಿನ ಕ್ಲಾರಾ ಏಳುವಷ್ಟರಲ್ಲಿ ಹಸೈನಾರ್ ಕೈಮುಗಿದರು. "ಬಾಯಮ್ಮ, ಸ್ವಲ್ಪ ಕೂತ್ಕೊಳ್ಳಿ. ಹಾರಿಸುವುದು ನನ್ನ ಮಗಳು. ನೀವು ಹಿಂದೆ ಹೋದರೆ ಅವಳ ಕೈಗೆ ಭಾರ."

"ಹೌದಾ? ನಮ್ಮ ಊರಿನ ಹುಡುಗಿಯಾ?" ಕ್ಲಾರಾಳ ಮುಖ ಅರಳಿತು. ಕುಳಿತದ್ದಲ್ಲದೆ ಹಿಂದಿನವರಿಗೂ ಹೇಳಿದಳು. ಸುದ್ದಿ ಸಾಲಿನಿಂದ ಸಾಲಿಗೆ ಹೋಯಿತು. ಉಡುಪಿಯವರು, ಕಾರ್ಕಳದವರು, ಮಣಿಪಾಲದವರು, ಎಲ್ಲರೂ ಊರಿನ ಹುಡುಗಿಯ ಕೈ ನೋಯದಿರಲೆಂದು ಹಲ್ಲು ಕಚ್ಚಿ ಕುಳಿತರು. ಎಂಥ ಜನ! ಹಸೈನಾರ್ ಕಣ್ಣು ತುಂಬಿತು. ಕಣ್ಣು ಮಾತ್ರವಲ್ಲ.

"ಒಮ್ಮೆ ಹೋಗಿ ಬನ್ನಿ, ಇಲ್ಲದಿದ್ದರೆ ಇಲ್ಲಿಯೇ ಮರ್ಯಾದೆ ಹೋಗ್ತದೆ" ಎಂದು ರುಕಿಯಮ್ಮ ಪಿಸುಗುಟ್ಟಿದಳು.

"ಮಗಳಿಗಿಂತ ದೊಡ್ಡದಾ ಇದು?" ಎಂದರು ಹಸೈನಾರ್, ಕಾಲಿನ ಮೇಲೆ ಕಾಲು ಬಿಗಿದು.

ಅರಬ್ಬಿ ಸಮುದ್ರ ದಾಟಿತು. ದುಬೈ ಹತ್ತಿರವಾಯಿತು. "ಇನ್ನು ಇಳಿಯುತ್ತೇವೆ. ಟಾಯ್ಲೆಟ್‌ಗೆ ಹೋಗುವವರು ಈಗಲೇ ಹೋಗಿ" ಎಂದಳು ರೇಚಲ್. ಇಡೀ ವಿಮಾನ ಹಸೈನಾರ್ ಮುಖ ನೋಡಿತು. ಹಸೈನಾರ್ ಮೇಲೆ ನೋಡಿದರು, ಕೆಳಗೆ ನೋಡಿದರು, ಕೊನೆಗೆ "ಯಾ ಅಲ್ಲಾ!" ಎಂದು ಎದ್ದೇಬಿಟ್ಟರು.

ಅವರು ಎದ್ದದ್ದೇ ತಡ, ಕಟ್ಟೆ ಒಡೆದ ಹಾಗೆ ಎಲ್ಲರೂ ಎದ್ದರು. ಅರ್ಧ ವಿಮಾನ ಬಾಲಕ್ಕೆ ನುಗ್ಗಿತು. ಎದುರಿನ ಸಾಲಿನ ಹಸೈನಾರ್ ಕ್ಯೂನಲ್ಲಿ ಕಟ್ಟಕಡೆಯವರಾದರು. ಟಾಯ್ಲೆಟ್ ಬಾಗಿಲು ಕಾಣುವಷ್ಟು ಹತ್ತಿರ ತಲುಪಿದರೋ ಇಲ್ಲವೋ, ಬೆಲ್ಟಿನ ದೀಪ ಹೊತ್ತಿತು. ರೇಚಲ್ ಎಲ್ಲರನ್ನೂ ಗದರಿಸಿ ವಾಪಸು ಕಳಿಸಿದಳು.

ವಿಮಾನ ಹೂವಿನ ಹಾಗೆ ಇಳಿಯಿತು. ಹಸ್ನಾ ಯೂನಿಫಾರ್ಮಿನಲ್ಲಿ ಹೊರಬಂದಾಗ ಊರಿನವರೆಲ್ಲ ಚಪ್ಪಾಳೆ ತಟ್ಟಿದರು.

"ಕೈ ನೋಯ್ತದಾ ಮಗಳೇ?" ಹಸೈನಾರ್ ಕೇಳಿದರು.

"ದಾರಿಯುದ್ದಕ್ಕೂ ಎಂತ ನೋವು ಉಪ್ಪ? ಮೇಲೆ ಹೋದ ಮೇಲೆ ಆಟೋಪೈಲಟ್ ಅಲ್ವಾ, ಟ್ರಿಮ್ಮೂ ಅದೇ ಮಾಡ್ತದೆ. ಇಡೀ ಊರು ಹಿಂದೆ ಮುಂದೆ ನಡೆದರೂ ನನಗೆ ಚಿಂತೆ ಇಲ್ಲ. ಬೆಳಗ್ಗೆ ಅದನ್ನೇ ಹೇಳಲು ಹೊರಟದ್ದು."

ಹಸೈನಾರ್ ತಿರುಗಿ ಹಿಂದಿನ ಟಾಯ್ಲೆಟ್ ಕಡೆ ನೋಡಿದರು.

"ಕೊನೆಗೆ ಮಾತ್ರ ಕ್ಯಾಪ್ಟನ್, 'ಇನ್ನು ನೀನೇ ಕೈಯಲ್ಲಿ ಹಾರಿಸು' ಅಂದರು. ಚಂದ ಟ್ರಿಮ್ ಮಾಡಿ ಎರಡು ಬೆರಳಲ್ಲಿ ಹಿಡಿದಿದ್ದೆ. ಸರಿಯಾಗಿ ಆವಾಗಲೇ ಯಾರೋ ಪುಣ್ಯಾತ್ಮರು ಒಟ್ಟಿಗೆ ಹಿಂದೆ ಓಡಿದರು! ಮೂತಿ ಎದ್ದಿತು, ಹ್ಯಾಂಡಲ್ ಭಾರವೋ ಭಾರ. ಟ್ರಿಮ್ ಆಗುವ ತನಕ ಒತ್ತಿ ಹಿಡಿದೆ. ಕ್ಯಾಪ್ಟನ್ 'ಶಹಬ್ಬಾಸ್' ಅಂದರು. ಮೊದಲು ಎದ್ದದ್ದು ಯಾರು ಉಪ್ಪ?"

ಅಂಗಾರ ಬಾಯಿ ತೆರೆಯುವಷ್ಟರಲ್ಲಿ ಹಸೈನಾರ್ ಅವನ ಕಾಲು ತುಳಿದರು. ಹಸ್ನಾ ಉಪ್ಪನ ಹೆಗಲಿಗೆ ಕೈ ಹಾಕಿ, "ಮೊದಲು ಒಂದು ಫೋಟೋ" ಎಂದಳು.

"ಮೊದಲು ಇವರ ಭಾರ ಇಳಿಸುವ ಜಾಗ ಎಲ್ಲಿ ಉಂಟು ಹೇಳು" ಎಂದಳು ರುಕಿಯಮ್ಮ.

"ಹಿಂದಿನದಕ್ಕೂ ಈಗ ಬೀಗ ಆಂಟಿ" ಎಂದಳು ರೇಚಲ್. "ಕೆಳಗಿಳಿದು, ಬಸ್ಸಲ್ಲಿ ಹೋಗಿ, ಆಮೇಲೆ ಸಿಗ್ತದೆ."

ಆ ಫೋಟೋ ಈಗ ಹೂಡೆಯ ಮನೆಯ ಗೋಡೆಯಲ್ಲಿದೆ. ಬಂದವರೆಲ್ಲ, "ನೋಡಿ, ಮಗಳ ಮೇಲಿನ ಅಭಿಮಾನಕ್ಕೆ ತಂದೆಯ ಕಣ್ಣಲ್ಲಿ ಎಷ್ಟು ನೀರು!" ಎನ್ನುತ್ತಾರೆ. ರುಕಿಯಮ್ಮ ಚಾ ಮಾಡಲು ಒಳಗೆ ಹೋಗುತ್ತಾಳೆ.