ನೇರ ವಿಳಾಸವಿಲ್ಲದ ಮಾವ

ನಮ್ಮ ಸೋದರಮಾವನ ಮನೆ ಹುಡುಕುವುದು ಬಲು ಸುಲಭ, ವಿಳಾಸವನ್ನು ಅವನ ಹತ್ತಿರ ಮಾತ್ರ ಕೇಳಬಾರದು! ಕೇಳಿದರೆ ದಾರಿ ಹೇಳುತ್ತಾನೆ. ನಾಗಮಂಗಲ, ಬಸ್ ಸ್ಟ್ಯಾಂಡು, ದೇವಲಾಪುರ, ನೀರಿನ ಟ್ಯಾಂಕು, ಹುಣಸೇಮರ, ಕಟ್ಟಕಡೆಗೆ ತನ್ನ ಹೆಸರು. ಮೊಬೈಲಿನಲ್ಲಿ ಕುಕ್ಕರ್ ತರಿಸಿದಾಗಲೂ ವಿಳಾಸ ಹಾಗೇ ತುಂಬಿಸಿದ. ಹೆಸರಿರಬೇಕಾದ ಕಡೆ ನಾಗಮಂಗಲ ಎಂದಿದ್ದರೆ ತಂದವನು ಯಾರನ್ನು ಕೂಗಬೇಕು? ಕುಕ್ಕರು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ತಪ್ಪು ಮಾವನದಲ್ಲ, ಅವನ ಹಳೇ ಕೆಲಸದ್ದು. ಬೆಂಗಳೂರಿನ ಒಂದು ಸಂಸ್ಥೆಯ ಕಂಪ್ಯೂಟರ್ ಕೋಣೆಯಲ್ಲಿದ್ದವನು. ಇಮೇಲ್ ಆಗತಾನೇ ಕಣ್ಣುಬಿಡುತ್ತಿದ್ದ ಕಾಲ. ಒಂದು ಕಂಪ್ಯೂಟರ್ ಜಾಲದವರು ವಿಳಾಸದಲ್ಲಿ ಮೊದಲು ಹೆಸರು, ಆಮೇಲೆ ಜಾಗ ಬರೆಯುತ್ತಿದ್ದರಂತೆ. ಇನ್ನೊಂದು ಜಾಲದವರು ಯಾವ ಯಾವ ಯಂತ್ರ ದಾಟಿ ಹೋಗಬೇಕೋ ಅಷ್ಟನ್ನೂ ಸಾಲಾಗಿ ಬರೆದು, ಕೊನೆಗೆ ಹೆಸರು. ಇವರದು ಅವರಿಗೆ ತಿಳಿಯದು, ಅವರದು ಇವರಿಗೆ ತಿಳಿಯದು, ಬರೆದದ್ದೆಲ್ಲ ವಾಪಸ್ಸು! ನಡುವೆ ಕೂತು ವಿಳಾಸ ತಿರುಗಿಸಿ ಬರೆದು ದಾಟಿಸುವುದೇ ಮಾವನ ಉದ್ಯೋಗವಾಗಿತ್ತು.

ಊರವರ ಮಾತನ್ನೆಲ್ಲ ದಾಟಿಸಿದ ಈ ಮಹಾನುಭಾವ ಸ್ವಂತ ಅಕ್ಕನೊಡನೆ, ಅಂದರೆ ನಮ್ಮವ್ವನೊಡನೆ, ಮಾತು ಬಿಟ್ಟಿದ್ದ. ಅಜ್ಜಿಯ ತಿಥಿ ಯಾರ ಮನೆಯಲ್ಲಿ ಎಂಬ ಜಗಳ. ಹಾಗಂತ ಸುದ್ದಿ ನಿಂತಿತೇ? ಕೆ.ಆರ್. ಪೇಟೆಯಿಂದ ಅವ್ವ ನಮ್ಮತ್ತೆಗೆ ಫೋನ್ ಮಾಡಿ, ನಿನ್ನ ಗಂಡ ಬಿ.ಪಿ. ಮಾತ್ರೆ ನುಂಗಿದನಾ ಕೇಳು ಎನ್ನುವಳು. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡ ಮಾವ, ನುಂಗಿದೆ ಅಂತ ಹೇಳು ಎನ್ನುವನು. ಅತ್ತೆ ಎರಡನ್ನೂ ಇನ್ನೊಮ್ಮೆ ಹೇಳುವಳು, ಸ್ವಲ್ಪ ಸಕ್ಕರೆ ಬೆರೆಸಿ!

ಹೋದ ವರ್ಷ ಅತ್ತೆ ತೀರಿಕೊಂಡಳು. ಮಣ್ಣಿಗೆ ಬಂದ ಅವ್ವ ಮೂಲೆಯಲ್ಲಿ ಕೂತು ಅತ್ತು, ತಮ್ಮನ ಹತ್ತಿರ ಒಂದು ಮಾತೂ ಆಡದೆ ಬಸ್ಸು ಹತ್ತಿದಳು. ಅಲ್ಲಿಂದಾಚೆಗೆ ಫೋನೂ ಇಲ್ಲ. ಈಗ ಅವ್ವ ಹಾಸಿಗೆ ಹಿಡಿದಿದ್ದಾಳೆ. ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಒಂದು ಸಲ ಮಾತಾಡು ಮಾವ ಎಂದು ಬೇಡಿಕೊಂಡೆ.

"ನಡುವಿದ್ದೋಳೇ ಹೊಂಟೋದ್ಲು ಕಣ್ಲಾ. ಇನ್ಯಾವ ದಾರೀಲಿ ಮಾತಾಡ್ಲಿ?" ಎಂದ. ನನಗೆ ನಗು ಬರಲಿಲ್ಲ.

ಆದರೂ ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದ. ಅವ್ವನ ಕಾಲ ಬಳಿ ಕೂತು, ನನ್ನ ಮುಖ ನೋಡಿ, "ನಿಮ್ಮವ್ವಂಗೆ ಹೇಳ್ಲಾ, ಅವಳ ತಮ್ಮ ಬಂದವ್ನೆ ಅಂತ" ಎಂದ.

ಅವ್ವ ಕಣ್ಣು ತೆರೆಯದೆ ನನಗೇ ಹೇಳಿದಳು: "ಉಂಡ್ಕೊಂಡ್ ಬಂದವ್ನಾ ಕೇಳ್ಲಾ."

ನಾನು ಕೇಳಲಿಲ್ಲ. ಮಾವ ನನ್ನ ಮಾತಿಗೆ ಕಾದ, ಅವ್ವನೂ ಕಾದಳು. ಕೊನೆಗೆ ಅವನೇ ಅವಳ ಪಾದ ಹಿಡಿದುಕೊಂಡು ಅಂದ:

"ಇಲ್ಲ ಕಣಕ್ಕ, ಇನ್ನೂ ಉಂಡಿಲ್ಲ."