ಅತ್ತೆಯ ಅಂಗೈ ಪರೀಕ್ಷೆ

ನನ್ನ ಸೋದರತ್ತೆಯ ಪ್ರಕಾರ ಮಗುವಿಗೂ ಆಡಿಗೂ ಇರುವ ವ್ಯತ್ಯಾಸ ಬಾಲವೊಂದೇ! ಮಂಗಸೂಳಿಯಲ್ಲಿ ಆಡು ಸಾಕಿಕೊಂಡಿರುವ ಅವಳು, ಸಂತೆಯಲ್ಲಿ ಆಡು ಕೊಳ್ಳುವಾಗ ಅದರ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಇನ್ನೊಂದರ ಮುಂದೆ ಬೆರಳಾಡಿಸುತ್ತಾಳೆ. ಆಮೇಲೆ ಅದಲು ಬದಲು. ಎರಡೂ ಪಾಸಾದರೆ ಮಾತ್ರ ವ್ಯಾಪಾರ. ಅಷ್ಟಕ್ಕೇ ಬಿಟ್ಟಿದ್ದರೆ ನಮ್ಮದೇನು ತಕರಾರು? ಎದುರಿಗೆ ಸಿಕ್ಕ ಮಕ್ಕಳಿಗೂ ಅದೇ ಪರೀಕ್ಷೆ!

ಒಮ್ಮೆ ನೆಂಟರ ಮನೆಯಲ್ಲಿ ಜಾವಳ. ಮಗು ಸೋದರಮಾವನ ತೊಡೆಯ ಮೇಲೆ ಕುಳಿತಿತ್ತು. ಕತ್ತರಿಗಿಂತ ಮೊದಲು ಅತ್ತೆಯ ಅಂಗೈ ಹೋಯಿತು. ಮಗುವಿನ ಅಜ್ಜಿಗೆ ಸಿಟ್ಟು ನೆತ್ತಿಗೇರಿತು.

"ಇದು ಸಂತ್ಯಾಗಿನ ಆಡಲ್ರಿ."

"ಆಡಾಗಿದ್ರ ಎರಡೂ ಕಣ್ಣ ನೋಡೇ ತರ್ತಿದ್ರಿ. ಕೂಸಂತ ಹಂಗ ಬಿಟ್ಟೀರಿ," ಎಂದಳು ಅತ್ತೆ.

ಅವತ್ತು ನಮಗೆ ಊಟ ಬಡಿಸಿದವರ ಮುಖ ನೋಡಬೇಕಿತ್ತು.

ಹೋದ ದೀಪಾವಳಿಗೆ ಚಿಕ್ಕೋಡಿಯ ನಮ್ಮ ಮನೆಗೇ ಬಂದಳು. ನನ್ನ ಐದು ವರ್ಷದ ಮಗಳ ಎಡಗಣ್ಣು ಮರೆಮಾಡಿ ಬೆರಳು ಎಣಿಸೆಂದಳು. ಎಣಿಸಿದಳು. ಬಲಗಣ್ಣು ಮರೆಮಾಡಿದ್ದೇ ತಡ, ಮಗಳು ಕೈ ತಳ್ಳಿ ಅಳತೊಡಗಿದಳು.

"ಬಿಡ ಅತ್ತಿ, ಓದ್ತಾಳ, ಬರೀತಾಳ, ಎಲ್ಲಾ ಚಂದ ಐತಿ," ಎಂದು ನಾನು ಅತ್ತೆಯ ಕೈಯನ್ನು ಸರಿಸಿದೆ.

"ಅದನ್ನೆಲ್ಲಾ ಒಂದ ಕಣ್ಣ ಮಾಡಾಕತ್ತೈತಿ. ಇನ್ನೊಂದು ಆರಾಮ ಕುಂತೈತಿ. ಡಾಕ್ಟರ ಕಡೆ ನಡಿ."

ಸಿಟ್ಟಿನಿಂದಲೇ ಹೋದೆ. ಅವಳೂ ಬಂದಳು, ಕರೆಯಬೇಕೆಂಬ ನಿಯಮ ಅವಳಿಗಿಲ್ಲ. ಡಾಕ್ಟರು ಬಹಳ ಹೊತ್ತು ನೋಡಿದರು. ಎಡಗಣ್ಣು ನಿಜವಾಗಿಯೂ ಮಂದವಾಗಿತ್ತು! ಚಷ್ಮಾ ಬರೆದರು, ದಿನಾ ಸ್ವಲ್ಪ ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಲು ಹೇಳಿದರು. "ಸಣ್ಣಾಕಿ ಇದ್ದಾಗ ಬಂದೀರಿ, ಚಲೋ ಆತು. ಸುಧಾರಿಸ್ತೈತಿ." ನನಗೆ ಹೋದ ಜೀವ ಬಂದಂತಾಯಿತು.

ಆಗ ಅತ್ತೆ ಮೆಲ್ಲಗೆ, "ನನಗೂ ಒಂದ ಪಟ್ಟಿ ಹಚ್ಚರಿ ಸಾಹೇಬ್ರ," ಎಂದಳು. ನಾನು ನಕ್ಕುಬಿಟ್ಟೆ. ಡಾಕ್ಟರು ಅವಳನ್ನು ಕೂರಿಸಿ ನೋಡಿದರು, ಅವರು ನಗಲಿಲ್ಲ.

"ಈ ಎಡಗಣ್ಣ ಸಣ್ಣಾಕಿ ಇದ್ದಾಗಿಂದ ಕಾಣಂಗಿಲ್ಲೇನ್ರಿ?"

"ಹೌದ್ರಿ. ಮದಿವ್ಯಾದಮ್ಯಾಲ ರಾಶಿ ಮಾಡೂ ಮುಂದ ಬಲಗಣ್ಣಾಗ ಹೊಟ್ಟ ಬಿತ್ತು. ಆವಾಗ ಗೊತ್ತಾತು."

"ಈಗ ಪಟ್ಟಿಲಿಂದ ಆಗಂಗಿಲ್ಲ ಆಯಿ. ಆವಾಗ ಯಾರರೆ ನೋಡಬೇಕಿತ್ತು."

"ಗೊತ್ತೈತ್ರಿ. ಸುಮ್ಮ ಕೇಳಿದೆ," ಎಂದು ಸೆರಗು ಸರಿಮಾಡಿಕೊಂಡು ಎದ್ದಳು.

ಹುಟ್ಟಿದಾಗಿನಿಂದ ಅವಳನ್ನು ಬಲ್ಲೆನೆಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಹೊರಗೆ ರಸ್ತೆಯ ತುಂಬ ಗಾಡಿಗಳು. ಬಸ್‌ಸ್ಟ್ಯಾಂಡಿನವರೆಗೂ ನಾನು ಅವಳ ಎಡಗಡೆಯೇ ನಡೆದೆ.